ಬೇಡವೆನ್ನಲು ಎಡೆಯಿಟ್ಟ ಮಾತು

ಪಶ್ಚಿಮ ರೈಲ್ವೆಯ ಮಾರ್ಗದಲ್ಲಿ ಮುಂಬಯಿ ಮಹಾನಗರಪಾಲಿಕೆಯ ಎಲ್ಲೆಯೊಳಗಿನ ಕೊನೆಯ ನಿಲ್ದಾಣ ದಹಿಸರ್. ಅದರಾಚೆ ಮೀರಾ ರೋಡ್, ಬೇರೊಂದು ನಗರಪಾಲಿಕೆ. ಈ ಅಂಚಿನ ಉಪನಗರದಲ್ಲಿ ನಾವು ಗಂಡಹೆಂಡತಿ ಮೂವತ್ತು ವರ್ಷಗಳಿಂದ ನೆಲೆಸಿದ್ದೇವೆ. ಇಬ್ಬರೂ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದವರು. ಇಬ್ಬರ ಹಿರಿಯರೂ ಉಡುಪಿ ಸೀಮೆಯವರು, ಬಾಸೆಲ್ ಮಿಶನ್ ಸಭೆಗೆ ಸೇರಿದವರು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ, ಹೊರಗೆ ಮರಾಠಿ ಹಿಂದಿ: ಹೀಗೆ ನಮ್ಮ ಬದುಕು ಸಾಗಿದೆ.

ಹೊರನಾಡಿನಲ್ಲಿ ಕನ್ನಡ ಕ್ರೈಸ್ತರಾಗಿರುವವರಿಗೆ ಮೂರು ಪ್ರಶ್ನೆಗಳು ತಪ್ಪಿದ್ದಲ್ಲ. ಕನ್ನಡ ಸಂಘದ ಸಭೆಗೆ ಹೋದಾಗ ಮೊದಲನೆಯದು ಬರುತ್ತದೆ: "ಕ್ರಿಶ್ಚಿಯನ್ನರಾಗಿದ್ದೂ ಕನ್ನಡ ಇಷ್ಟು ಚೆನ್ನಾಗಿ ಹೇಗೆ?" ಸ್ವಲ್ಪ ಸಲುಗೆ ಬೆಳೆದ ಮೇಲೆ ಎರಡನೆಯದು: "ನಿಮ್ಮ ಹಿರಿಯರು ಯಾಕೆ ಮತ ಬದಲಾಯಿಸಿದರು?" ಮೂರನೆಯದನ್ನು ನಗುತ್ತಲೇ ಕೇಳುತ್ತಾರೆ, ಆದರೆ ಆ ನಗುವಿನ ಅರ್ಧದಲ್ಲಿ ನಗುವಿರುವುದಿಲ್ಲ: "ನಮ್ಮನ್ನೂ ಸೇರಿಸಿಕೊಳ್ಳುವ ವಿಚಾರ ಉಂಟೋ?"

ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಸ್ವಲ್ಪ ಇತಿಹಾಸ ಹೇಳಬೇಕಾಗುತ್ತದೆ. ಮೂರನೆಯದು ಮಾತ್ರ ನಮ್ಮನ್ನು ಬಹುಕಾಲ ಯೋಚನೆಗೆ ಹಚ್ಚಿದೆ. ತಾನು ಸತ್ಯವೆಂದು ನಂಬಿದ್ದನ್ನು, ಅದನ್ನು ನಂಬದವರ ಮುಂದೆ ಒಬ್ಬ ಮನುಷ್ಯ ಹೇಗೆ ಹೇಳಬೇಕು? ಮೃದುವಾಗಿ, ವಿನಯದಿಂದ ಹೇಳಬೇಕೆಂದು ಎಲ್ಲರೂ ಉಪದೇಶಿಸುತ್ತಾರೆ. ಪೇತ್ರನ ಪತ್ರದಲ್ಲಿಯೂ ಅದೇ ಬುದ್ಧಿವಾದವಿದೆ: ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ ಕೊಡಿ ಎಂಬ ಅರ್ಥದ ಮಾತು ಅದು. ಅದರಲ್ಲಿ 'ಕೇಳಿದವರಿಗೆ' ಎಂಬ ಮಾತು ಅನೇಕರ ಗಮನಕ್ಕೆ ಬರುವುದಿಲ್ಲ. ದನಿ ಎಷ್ಟು ಮೆತ್ತಗಿದೆ ಎಂಬುದಕ್ಕಿಂತ, ಕೇಳುವವನು ಬೇಡವೆಂದು ಎದ್ದು ಹೋಗಲು ಸಾಧ್ಯವಿದೆಯೇ ಎಂಬುದು ಮುಖ್ಯವೆಂದು ಈ ಊರೂ ಈ ಊರಿನ ಆಸುಪಾಸಿನ ಚರಿತ್ರೆಯೂ ನಮಗೆ ಕಲಿಸಿವೆ.

ದಹಿಸರಿಗೂ ಬೋರಿವಲಿಗೂ ನಡುವೆ ಮಂಡಪೇಶ್ವರದ ಗುಹೆಗಳಿವೆ. ಪಕ್ಕದಲ್ಲಿ ಐ.ಸಿ. ಕಾಲೊನಿ, ಕ್ರೈಸ್ತ ಕುಟುಂಬಗಳು ಬಹುಸಂಖ್ಯೆಯಲ್ಲಿರುವ ಬಡಾವಣೆ. ಬಂಡೆಯನ್ನು ಕೊರೆದು ಮಾಡಿದ ಈ ಶಿವಾಲಯ ಸಾವಿರ ವರ್ಷಕ್ಕೂ ಹಿಂದಿನದು. ಒಳಗೆ ನಟರಾಜನ ಶಿಲ್ಪವಿದೆ, ಲಕುಲೀಶನ ಶಿಲ್ಪವಿದೆ. ಹದಿನಾರನೆಯ ಶತಮಾನದಲ್ಲಿ ಸಾಷ್ಟಿ ದ್ವೀಪ ಪೋರ್ಚುಗೀಸರ ಕೈಸೇರಿದ ಮೇಲೆ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಇದನ್ನು ಪ್ರಾರ್ಥನಾಲಯ ಮಾಡಿಕೊಂಡರು; ಮೇಲೆ ಮಠವನ್ನೂ ಇಗರ್ಜಿಯನ್ನೂ ಕಟ್ಟಿಸಿದರು. ಅಂತೋನಿಯೊ ದೊ ಪೋರ್ತೊ ಎಂಬ ಪಾದ್ರಿಯ ಹೆಸರು ಈ ಕೆಲಸದೊಂದಿಗೆ ಸೇರಿಕೊಂಡಿದೆ. 1739ರಲ್ಲಿ ಮರಾಠರು ಸಾಷ್ಟಿಯನ್ನು ಗೆದ್ದರು. ಮಠ ಇಂದು ಪಾಳು ಗೋಡೆಗಳಾಗಿ ನಿಂತಿದೆ. ಕೆಳಗೆ ಗುಹೆಯಲ್ಲಿ ಶಿವಲಿಂಗಕ್ಕೆ ಪೂಜೆ ನಡೆಯುತ್ತದೆ. ಒಂದು ಗೋಡೆಯ ಮೇಲೆ ಮಾತ್ರ ಪೋರ್ಚುಗೀಸರ ಕಾಲದಲ್ಲಿ ಕೆತ್ತಿದ ದೊಡ್ಡ ಶಿಲುಬೆ ಉಳಿದುಕೊಂಡಿದೆ.

ಊರಿಂದ ಬಂದ ನೆಂಟರನ್ನು ನಾವು ಅಲ್ಲಿಗೆ ಕರೆದೊಯ್ಯುತ್ತೇವೆ. ಶಿಲುಬೆ ನಮಗೆ ಪೂಜ್ಯವಾದ ಗುರುತು. ಆದರೂ ಆ ಗೋಡೆಯ ಮುಂದೆ ನಿಂತಾಗ ಮನಸ್ಸಿಗೆ ಹಿತವೆನಿಸುವುದಿಲ್ಲ. ಅದನ್ನು ಕೆತ್ತಿದವರ ಭಕ್ತಿಯನ್ನು ನಾವು ಶಂಕಿಸುವುದಿಲ್ಲ. ಅವರಲ್ಲಿ ದಯಾಳುಗಳೂ ಇದ್ದಿರಬಹುದು, ಅವರ ಉಪದೇಶ ಮಧುರವಾಗಿಯೂ ಇದ್ದಿರಬಹುದು. ಆದರೆ ಆಳುವವನ ಖಡ್ಗ ಹಿಂದೆ ನಿಂತಿರುವಾಗ ಆಡಿದ ಮಾತಿಗೆ ಪ್ರಜೆಯಾದವನು ಏನು ಉತ್ತರ ಕೊಟ್ಟಾನು? ಅವನು ಒಪ್ಪಿದರೂ ಆ ಒಪ್ಪಿಗೆಯ ತೂಕವೆಷ್ಟೆಂದು ಯಾರಿಗೂ ಗೊತ್ತಾಗುವುದಿಲ್ಲ, ಸ್ವತಃ ಅವನಿಗೂ.

ನಮ್ಮ ತುಳುನಾಡಿಗೆ ಬಾಸೆಲ್ ಮಿಶನಿನವರು ಬಂದದ್ದು ಇದಕ್ಕಿಂತ ಬಹಳ ತಡವಾಗಿ, 1834ರಲ್ಲಿ. ಅವರೂ ಮತಪ್ರಚಾರಕ್ಕಾಗಿಯೇ ಬಂದವರು. ಅವರ ಹಿಂದೆಯೂ ಬ್ರಿಟಿಷರ ಆಳ್ವಿಕೆಯ ನೆರಳಿತ್ತು. ಆ ಕಾಲದ ಮಿಶನರಿ ಬರಹಗಳಲ್ಲಿ ಇಲ್ಲಿಯ ದೇವತೆಗಳ ಬಗ್ಗೆ ಕಟುವಾದ ಮಾತುಗಳು ಬೇಕಾದಷ್ಟು ಸಿಗುತ್ತವೆ. ಇಂದು ಅವನ್ನು ಓದುವಾಗ ನಮಗೇ ಮುಜುಗರವಾಗುತ್ತದೆ. ಆದರೆ ಅದೇ ಜನರಲ್ಲಿ ಕೆಲವರಿಗೆ ಇನ್ನೊಂದು ಅನುಭವವಾಯಿತು. ಹೇಳಬೇಕಾದರೆ ಮೊದಲು ಭಾಷೆ ಬೇಕು, ಭಾಷೆ ಬರಬೇಕಾದರೆ ಕೇಳಬೇಕು. ಕೇಳಲು ಕುಳಿತವರು ತಾವು ಹೇಳಬಂದದ್ದನ್ನು ಬದಿಗಿಟ್ಟು ಕೇಳುತ್ತಲೇ ಉಳಿದ ದಿನಗಳೂ ಇದ್ದುವು.

ಹೆರ್ಮನ್ ಮೋಗ್ಲಿಂಗ್ ಅಂಥವನು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದು ಕನ್ನಡದ ಮೊದಲ ವೃತ್ತಪತ್ರಿಕೆಯ ಸಂಪಾದಕನಾದವನು ಅವನೇ. ಮುಂದೆ 'ಬಿಬ್ಲಿಯೋತೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಾದುವು. ವಿಷ್ಣುಭಕ್ತರ ಹಾಡುಗಳನ್ನು ಕ್ರೈಸ್ತ ಪಾದ್ರಿಯೊಬ್ಬ ಸಂಗ್ರಹಿಸಿ ಅಚ್ಚು ಹಾಕಿಸಿದ್ದು ವಿಚಿತ್ರವೆನಿಸಬಹುದು. ಎದುರಿಗಿರುವವನು ಯಾವ ಪದಗಳಲ್ಲಿ ದೇವರನ್ನು ಕರೆಯುತ್ತಾನೆಂದು ತಿಳಿಯದೆ ಅವನೊಡನೆ ದೇವರ ಮಾತೆತ್ತುವುದಾದರೂ ಹೇಗೆ ಎಂದು ಕೇಳಿಕೊಂಡರೆ ಆ ವಿಚಿತ್ರ ಕಡಿಮೆಯಾಗುತ್ತದೆ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಯೇಸುವಿನ ಕಥೆಯನ್ನು ಷಟ್ಪದಿಯಲ್ಲಿ ಬರೆದ. ಅದರ ಹೆಸರು 'ಕಥಾಮಾಲೆ'. ಬಳಿಕ ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದ. 1894ರಲ್ಲಿ ಅವನ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಆ ನಿಘಂಟನ್ನು ಬಿಡಿಸುವ ಯಾರಿಗೂ ಅದು ತಮ್ಮನ್ನು ಎಲ್ಲಿಗೋ ಸೆಳೆಯುತ್ತಿದೆಯೆಂಬ ಅಳುಕು ಬರುವುದಿಲ್ಲ. ಬೇಕಾದ ಪದ ನೋಡಿ ಮುಚ್ಚಿಡುತ್ತೇವೆ.

ಈ ಕೇಳುವಿಕೆಗೆ ಮಂಜೇಶ್ವರದಿಂದ ಒಂದು ಮರುದನಿಯೂ ಹುಟ್ಟಿತು. ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಬರೆದರು, ಬುದ್ಧನ ಕೊನೆಯ ದಿನವನ್ನು ಕುರಿತು 'ವೈಶಾಖಿ' ಬರೆದರು. ಅವರು ಕ್ರೈಸ್ತರಾಗಲಿಲ್ಲ, ಆಗಬೇಕೆಂದು ಯಾರೂ ಕೇಳಲೂ ಇಲ್ಲ. ಕ್ರಿಸ್ತನನ್ನು ಕನ್ನಡದ ಓದುಗರಿಗೆ ಪರಿಚಯಿಸಿದ ಬರಹಗಳಲ್ಲಿ ನಮ್ಮ ಸಭೆಯವರ ಅದೆಷ್ಟೋ ಕರಪತ್ರಗಳಿಗಿಂತ ಈ ಒಂದು ಖಂಡಕಾವ್ಯ ದೂರ ಹೋಗಿದೆ ಎಂದು ನಮ್ಮ ನಂಬಿಕೆ. ಒಳ್ಳೆಯ ಮಾತಿನ ಫಲವನ್ನು ಆಡಿದವನ ಲೆಕ್ಕದ ಪುಸ್ತಕದಲ್ಲಿ ಹುಡುಕಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನಮಗೆ ಬೇಕಾಗಿಲ್ಲ.

ಆದರೆ ವಿಷಯ ಇಷ್ಟು ಸರಳವಾಗಿ ಮುಗಿಯುವುದಿಲ್ಲ. ಖಡ್ಗವಿಲ್ಲದ ಕಡೆಯಲ್ಲಿ, ಪ್ರೀತಿಯೇ ತುಂಬಿರುವ ಕಡೆಯಲ್ಲಿಯೂ ಮಾತು ಭಾರವಾಗಬಹುದು. ಅದನ್ನು ತಿಳಿಯಲು ಪಂಡಿತಾ ರಮಾಬಾಯಿಯವರ ಜೀವನದ ಒಂದು ಘಟ್ಟವನ್ನು ನೋಡಬೇಕು. ಅವರು ಮಹಾರಾಷ್ಟ್ರದ ಹೆಣ್ಣುಮಗಳೆಂದೇ ಪ್ರಸಿದ್ಧರು. ಆದರೆ ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸ್ವಜನರ ವಿರೋಧ ಕಟ್ಟಿಕೊಂಡ ತಂದೆ ಆ ಕಾಡಿನಲ್ಲಿ ಆಶ್ರಮ ಮಾಡಿಕೊಂಡಿದ್ದರು.

ವಿಧವೆಯಾದ ಮೇಲೆ ಎಳೆಯ ಮಗಳೊಂದಿಗೆ ಇಂಗ್ಲೆಂಡಿಗೆ ಹೋದ ರಮಾಬಾಯಿ 1883ರಲ್ಲಿ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿಯ ಕನ್ಯಾಮಠದ ಸಿಸ್ಟರ್ ಜೆರಾಲ್ಡೀನ್ ಅವರಿಗೆ ಧರ್ಮಮಾತೆಯಂತಿದ್ದವರು. ಊಟ, ವಸತಿ, ಓದು ಎಲ್ಲಕ್ಕೂ ರಮಾಬಾಯಿ ಆ ಮಠವನ್ನು ಅವಲಂಬಿಸಿದ್ದರು. ಆದರೂ ಸಭೆಯ ಎಲ್ಲ ಸಿದ್ಧಾಂತಗಳನ್ನೂ ಹಿರಿಯರು ಹೇಳಿದರೆಂಬ ಕಾರಣಕ್ಕೆ ಒಪ್ಪಲು ಅವರು ಸಿದ್ಧರಿರಲಿಲ್ಲ. ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ತನ್ನ ಅಂತಃಸಾಕ್ಷಿಯನ್ನು ಯಾರ ಕೈಗೂ ಒಪ್ಪಿಸಲಾರೆನೆಂಬ ನಿಲುವಿಗೆ ಅಂಟಿಕೊಂಡರು. ಸಿಸ್ಟರ್ ಪ್ರೀತಿಯಿಂದಲೇ ತಿದ್ದಲು ಹೊರಟಿದ್ದರು. ಆ ಪ್ರೀತಿಯಲ್ಲಿ ಒತ್ತಡವೂ ಬೆರೆತಿತ್ತೆಂಬುದು ಪತ್ರಗಳನ್ನು ಓದಿದವರಿಗೆ ತಿಳಿಯುತ್ತದೆ.

ಆರು ವರ್ಷಗಳ ಅನಂತರ, 1889ರ ಮಾರ್ಚ್ 11ರಂದು, ಇದೇ ಮುಂಬಯಿಯ ಚೌಪಾಟಿಯ ಬಳಿ ರಮಾಬಾಯಿ ಶಾರದಾ ಸದನವನ್ನು ತೆರೆದರು. ಉಚ್ಚಜಾತಿಯ ಬಾಲವಿಧವೆಯರಿಗೆ ವಸತಿ, ವಿದ್ಯೆ ನೀಡುವ ಸಂಸ್ಥೆ ಅದು. ಅಲ್ಲಿ ಮತೋಪದೇಶವಿರುವುದಿಲ್ಲ, ಹುಡುಗಿಯರು ತಮ್ಮ ತಮ್ಮ ಆಚಾರಗಳನ್ನು ನಡೆಸಿಕೊಂಡು ಬರಬಹುದು ಎಂಬ ಒಪ್ಪಂದವಿತ್ತು. ಆ ಭರವಸೆಯ ಮೇಲೆಯೇ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರಕರ್ ಮೊದಲಾದವರು ಸಲಹಾ ಸಮಿತಿಯಲ್ಲಿದ್ದರು. ಮರುವರ್ಷ ಸದನ ಪುಣೆಗೆ ಹೋಯಿತು. ರಮಾಬಾಯಿ ತನ್ನ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥಿಸುತ್ತಿದ್ದರು; ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ಬಂದು ಕುಳಿತರು. ಕೆಲವರಿಗೆ ಆ ನಂಬಿಕೆಯಲ್ಲಿ ಮನಸ್ಸಾಯಿತು. ಪುಣೆಯಲ್ಲಿ ಕೋಲಾಹಲವೆದ್ದಿತು, 'ಕೇಸರಿ' ಕಟುವಾಗಿ ಬರೆಯಿತು, 1893ರಲ್ಲಿ ರಾನಡೆ, ಭಾಂಡಾರಕರರು ಸಮಿತಿಯನ್ನು ಬಿಟ್ಟರು, ಹಲವು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು.

ಈ ಪ್ರಕರಣದಲ್ಲಿ ರಮಾಬಾಯಿಯವರ ಪರವಾದ ಮಾತುಗಳಿಗೆ ಬಲವಿದೆ. ಅವರು ಯಾರನ್ನೂ ಕರೆಯಲಿಲ್ಲ. ತನ್ನ ಮನೆಯಲ್ಲಿ ತಾನು ಪ್ರಾರ್ಥಿಸುವಾಗ ಬಾಗಿಲು ಹಾಕಿಕೊಳ್ಳಬೇಕೆಂಬ ನಿಯಮವನ್ನು ಯಾವ ಸ್ವಾಭಿಮಾನಿ ಒಪ್ಪಿಯಾನು? ಮನೆಯಿಂದ ಹೊರದೂಡಲ್ಪಟ್ಟ ಹದಿಹರೆಯದ ವಿಧವೆಗೆ ತನಗೆ ಬೇಕಾದದ್ದನ್ನು ನಂಬುವ ಹಕ್ಕು ಇಲ್ಲವೇ? ರಾನಡೆಯವರ ಪರವಾಗಿಯೂ ಹೇಳಬೇಕಾದದ್ದಿದೆ. ಆ ಹುಡುಗಿಗೆ ಅನ್ನ, ಬಟ್ಟೆ, ಅಕ್ಷರ, ಮೊದಲ ಬಾರಿಗೆ ಅಕ್ಕರೆ, ಎಲ್ಲವೂ ಒಬ್ಬಳೇ ವ್ಯಕ್ತಿಯಿಂದ ಬರುತ್ತಿದೆ. ಆ ವ್ಯಕ್ತಿ ಕಣ್ಣು ಮುಚ್ಚಿ ಕೈಮುಗಿದಿರುವಾಗ ತೆರೆದ ಬಾಗಿಲು ಕೂಡ ಒಂದು ಕರೆಯೇ. ವಾಂಟೇಜಿನಲ್ಲಿ ರಮಾಬಾಯಿ ಎದುರುತ್ತರ ಬರೆದರು, ಏಕೆಂದರೆ ಅವರು ಪಂಡಿತೆ, ಶಾಸ್ತ್ರಗಳಲ್ಲಿ ನುರಿತವರು. ಸದನದ ಹುಡುಗಿಯರಲ್ಲಿ ಎಷ್ಟು ಜನರಿಗೆ ಹಾಗೆ ಉತ್ತರಿಸುವ ಬಲವಿತ್ತು?

ನಾವು ರಮಾಬಾಯಿಯವರನ್ನು ತಪ್ಪಿತಸ್ಥರೆನ್ನಲಾರೆವು. ಹಸಿದವರಿಗಾಗಿ, ಅನಾಥರಿಗಾಗಿ ಅವರು ಕೇಡಗಾವಿನ ಮುಕ್ತಿ ಸದನದಲ್ಲಿ ಮಾಡಿದ್ದನ್ನು ನೋಡಿದರೆ ಯಾರ ತಲೆಯೂ ಬಾಗುತ್ತದೆ. ಆದರೆ ಅವರ ಕಥೆಯಿಂದ ನಮಗೊಂದು ಅಳತೆಗೋಲು ಸಿಕ್ಕಿದೆ. ನಂಬಿಕೆಯ ಮಾತೆತ್ತುವ ಮುನ್ನ ನೋಡಿಕೊಳ್ಳಬೇಕಾದದ್ದು ಇದು: ಈ ಮನುಷ್ಯನಿಗೆ ನನ್ನಿಂದ ಏನಾದರೂ ಆಗಬೇಕಾಗಿದೆಯೇ? ಸಾಲ, ಕೆಲಸ, ಔಷಧ, ಅಂಕ, ಆಸರೆ? ಆಗಬೇಕಾಗಿದ್ದರೆ ನನ್ನ ಮಾತು ಎಷ್ಟೇ ಮಧುರವಾಗಿರಲಿ, ಅದು ಸಮಾನರ ಮಾತಲ್ಲ.

ಶಾಲೆಯಲ್ಲಿದ್ದಷ್ಟು ಕಾಲ ನಾವು ಈ ಅಳತೆಯನ್ನು ಬಿಟ್ಟುಕೊಡಲಿಲ್ಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೋಟೆಲ್ ಕಾರ್ಮಿಕರ, ಕಟ್ಟಡ ಕೆಲಸಗಾರರ ಮಕ್ಕಳು. ಕ್ರಿಸ್ಮಸ್ ರಜೆಯ ಮುನ್ನಾದಿನ ಯಾರಾದರೂ "ಟೀಚರ್, ಯೇಸು ಅಂದರೆ ಯಾರು?" ಎಂದರೆ, ಗಾಂಧಿ ಯಾರು, ಬುದ್ಧ ಯಾರು ಎಂಬುದಕ್ಕೆ ಕೊಡುವಷ್ಟೇ ಉತ್ತರ ಕೊಡುತ್ತಿದ್ದೆವು. ಹತ್ತು ವರ್ಷದ ಮಗು ತನಗೆ ಅಕ್ಷರ ಕಲಿಸಿದವರಿಗೆ ಬೇಡವೆನ್ನಲಾರದು.

ಕಾನೂನು ಕೂಡ ಈ ಪ್ರಶ್ನೆಯೊಡನೆ ಸೆಣಸಿದೆ. ಸಂವಿಧಾನದ 25ನೆಯ ವಿಧಿ ತನ್ನ ಮತವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ 'ಪ್ರಚಾರ' ಎಂಬ ಪದಕ್ಕೆ ಆಕ್ಷೇಪವೆದ್ದಾಗ ಅದನ್ನು ಉಳಿಸಬೇಕೆಂದು ವಾದಿಸಿದವರಲ್ಲಿ ಮುಂಬಯಿಯ ಕೆ. ಎಂ. ಮುನ್ಷಿ ಒಬ್ಬರು. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ, ತನ್ನ ಮತದ ತತ್ತ್ವಗಳನ್ನು ವಿವರಿಸಿ ಹರಡುವ ಹಕ್ಕು ಇದೆ, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಎಂಬುದಿಲ್ಲ ಎಂದಿತು. ಆ ತೀರ್ಪಿನ ಬಗ್ಗೆ ಕ್ರೈಸ್ತರಲ್ಲಿ ಅಸಮಾಧಾನವಿದೆ. ಕೇಳಿದವನು ತಾನಾಗಿ ಮನಸ್ಸು ಬದಲಾಯಿಸಿದರೆ ಏನು ಎಂಬ ಪ್ರಶ್ನೆ ಅಲ್ಲಿಯೇ ಉಳಿಯಿತೆಂದು ಅವರ ದೂರು. ಆ ದೂರಿನಲ್ಲಿ ಅರ್ಥವಿದೆ. ಆದರೆ ನ್ಯಾಯಾಲಯ ಹೇಳುವುದು ಮಾಡಬಹುದಾದದ್ದರ ಎಲ್ಲೆಯನ್ನು. ನೆರೆಮನೆಯವನೊಡನೆ ಮಾಡತಕ್ಕದ್ದು ಏನೆಂಬುದನ್ನು ನಾವೇ ಗೊತ್ತುಮಾಡಿಕೊಳ್ಳಬೇಕು.

ಬಲ ಯಾವಾಗಲೂ ಹೇಳುವವನ ಕಡೆಗೇ ಇರುತ್ತದೆಂದೂ ಅಲ್ಲ. ಈ ಕಟ್ಟಡದಲ್ಲಿ ಕ್ರೈಸ್ತರ ಮನೆಗಳು ಎರಡೇ. ಕೆಲವು ವರ್ಷಗಳ ಹಿಂದೆ ಸೊಸೈಟಿಯ ಸಭೆಯಲ್ಲಿ ನೀರಿನ ಬಿಲ್ಲಿನ ಚರ್ಚೆಯ ನಡುವೆ ಒಬ್ಬ ತರುಣ, ಮೊಬೈಲಿನಲ್ಲಿ ಬಂದದ್ದೇನನ್ನೋ ಓದಿ, "ಒಂದು ತಲೆಗೆ ನಿಮಗೆ ಎಷ್ಟು ಸಿಗುತ್ತದೆ?" ಎಂದು ಎಲ್ಲರೆದುರು ಕೇಳಿದ. ಅಲ್ಲಿ ಉತ್ತರ ಕೊಡದಿರುವ ಸ್ವಾತಂತ್ರ್ಯ ನಮಗಿರಲಿಲ್ಲ. "ಮೂವತ್ತು ವರ್ಷದಲ್ಲಿ ಒಂದು ತಲೆಯನ್ನೂ ತಂದಿಲ್ಲಪ್ಪ, ಆದ್ದರಿಂದ ದರ ಗೊತ್ತಿಲ್ಲ. ನಿನ್ನ ಅಕ್ಕನಿಗೆ ಹತ್ತನೆಯ ತರಗತಿಯ ಲೆಕ್ಕ ಹೇಳಿಕೊಟ್ಟದ್ದಕ್ಕೂ ಏನೂ ಸಿಗಲಿಲ್ಲ" ಎಂದೆವು. ಜನ ನಕ್ಕರು. ಮನಸ್ಸಿನಲ್ಲಿ ಕಹಿಯಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವನ ಪ್ರಶ್ನೆ ಅವನೊಬ್ಬನದಲ್ಲ. ಮಂಡಪೇಶ್ವರದ ಗೋಡೆಯೂ ಅದರೊಳಗೆ ಸ್ವಲ್ಪ ಇದೆ. ಇಂದು ಅವನು ನಮ್ಮ ಮನೆಗೆ ಕ್ರಿಸ್ಮಸ್ಸಿನ ತಿಂಡಿಗೆ ಬರುತ್ತಾನೆ, ಅವನ ಮನೆಯ ಗಣಪತಿಗೆ ನಾವು ಹೋಗುತ್ತೇವೆ.

ಕೊನೆಗೆ ಶೆಟ್ಟರ ವಿಷಯ ಹೇಳಬೇಕು. ಎರಡನೆಯ ಮಹಡಿಯಲ್ಲಿರುವ ಅವರು ಕಾರ್ಕಳ ಕಡೆಯವರು, ನಲವತ್ತು ವರ್ಷ ಹೋಟೆಲು ನಡೆಸಿದವರು. ಅವರ ಮನೆಯಾಕೆ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ ಒಂದು ರಾತ್ರಿ ನಮ್ಮಲ್ಲಿಗೆ ಬಂದು ಕುಳಿತರು. ಮಾತು ನಡೆದದ್ದು ತುಳುವಿನಲ್ಲಿ.

"ಮಾಸ್ಟ್ರೇ, ಟೀಚರ್, ನಿಮ್ಮ ದೇವರು ಇವಳನ್ನು ಉಳಿಸುತ್ತಾನಾ? ಉಳಿಸುತ್ತಾನೆಂದು ಹೇಳಿ, ನೀವು ಹೇಳಿದ ಹಾಗೆ ನಡೆದುಕೊಳ್ಳುತ್ತೇನೆ."

"ಉಳಿಸುತ್ತಾನೆಂದು ಹೇಳಲು ನಮಗೆ ಗೊತ್ತಿಲ್ಲ ಶೆಟ್ರೇ. ಅಕ್ಕನಿಗಾಗಿ ದಿನವೂ ಪ್ರಾರ್ಥನೆ ಮಾಡುತ್ತೇವೆ. ಅದಕ್ಕೆ ನೀವು ಏನೂ ಮಾಡಬೇಕಾಗಿಲ್ಲ. ನಿಮ್ಮ ದೈವಕ್ಕೆ ಹೇಳಿಕೊಂಡದ್ದನ್ನು ಬಿಡಬೇಕಾಗಿಯೂ ಇಲ್ಲ."

ಹನ್ನೆರಡು ದಿನಗಳ ಮೇಲೆ ಅವರು ತೀರಿಕೊಂಡರು. ಬೊಜ್ಜಕ್ಕೆ ನಾವೂ ಹೋದೆವು, ಪಂಕ್ತಿಯಲ್ಲಿ ಕುಳಿತು ಉಂಡೆವು.

ನಮ್ಮ ಸಭೆಯ ಹಿರಿಯರೊಬ್ಬರಿಗೆ ಇದು ತಿಳಿದಾಗ ಬೇಸರಪಟ್ಟರು. ಅವರ ಮಾತು ಹಗುರವಾದದ್ದಲ್ಲ. "ನಾವು ನಂಬಿರುವುದು ನಿಜವಾದರೆ, ಬಾಯಾರಿದವನು ತಾನಾಗಿ ಬಂದು ಕೇಳಿದಾಗ ನೀರು ಕೊಡದೆ ಕಳಿಸಿದ್ದು ಯಾವ ಪ್ರೀತಿ?" ಎಂದರು. ನಾವು ಹೇಳಿದ್ದು ಇಷ್ಟು: ಆ ರಾತ್ರಿ ಶೆಟ್ಟರು ಕೇಳಿದ್ದು ಕ್ರಿಸ್ತನನ್ನಲ್ಲ, ಹೆಂಡತಿಯ ಜೀವವನ್ನು. ಅದನ್ನು ಕೊಡುವ ಮಾತು ನಮ್ಮ ಕೈಯಲ್ಲಿರಲಿಲ್ಲ. ಕೊಡಲಾಗದ್ದನ್ನು ಕೊಡುವೆವೆಂದು ತೋರಿಸಿ ಮತ್ತೊಂದನ್ನು ಪಡೆದಿದ್ದರೆ, ಅವರು ಮುಂದೆ ಯೇಸುವಿನ ಹೆಸರು ಕೇಳಿದಾಗಲೆಲ್ಲ ನೆನಪಾಗುವುದು ಆ ವ್ಯಾಪಾರ. ದುಃಖದಲ್ಲಿರುವವನಿಗೆ ಬೇಡವೆನ್ನುವ ಶಕ್ತಿ ಇರುವುದಿಲ್ಲ. ಆ ಶಕ್ತಿ ಮರಳುವವರೆಗೆ ಕಾಯುವುದೂ ನಂಬಿಕೆಯ ಕೆಲಸವೇ. ಹಿರಿಯರು ಒಪ್ಪಲಿಲ್ಲ. ಅವರೊಡನೆ ಈ ವಾದ ಇನ್ನೂ ಮುಗಿದಿಲ್ಲ.

ವರ್ಷ ಕಳೆದ ಮೇಲೆ ಒಂದು ಸಂಜೆ ದಹಿಸರ್ ನದಿಯ ಸೇತುವೆಯ ಬಳಿ ನಡೆಯುತ್ತಿದ್ದಾಗ ಶೆಟ್ಟರೇ ಮಾತು ತೆಗೆದರು: "ಸತ್ತವರು ಏಳುತ್ತಾರೆಂದು ನೀವು ನಂಬುತ್ತೀರಂತೆ. ನಿಜವಾಗಿಯೂ ನಂಬುತ್ತೀರಾ?" ಈ ಸಲ ಅವರಿಗೆ ನಮ್ಮಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಹೌದೆಂದೆವು. ಏಕೆ ನಂಬುತ್ತೇವೆ, ಯಾವ ದಿನಗಳಲ್ಲಿ ಆ ನಂಬಿಕೆ ಬಿಗಿಯಾಗಿರುತ್ತದೆ, ಯಾವ ದಿನಗಳಲ್ಲಿ ಸಡಿಲವಾಗುತ್ತದೆ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆವು. ಅವರು ಕೇಳಿ, ತನಗೆ ಹಾಗೆನಿಸುವುದಿಲ್ಲ, ತನ್ನವಳು ಮನೆಯ ಹಿರಿಯರ ಸಾಲಿನಲ್ಲಿ ಸೇರಿದ್ದಾಳೆ, ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸುವಾಗ ಬಂದಿದ್ದಾಳೆಂದು ಗೊತ್ತಾಗುತ್ತದೆ ಎಂದರು. ಅವಳು ಬಂದದ್ದು ಹೇಗೆ ಗೊತ್ತಾಗುತ್ತದೆಂದು ಕೇಳಿದೆವು. ಅವರು ವಿವರವಾಗಿ ಹೇಳಿದರು. ಕತ್ತಲಾದ ಮೇಲೆ ಮೂವರೂ ಮನೆಯ ಕಡೆ ತಿರುಗಿದೆವು.